ಸೋರೆಕಾಯಿ ಚಿಕ್ಕದಿರಲಿ

ಗುಂಡಿಯಕ್ಕ: ಬ್ಲೇಡು ಯಾಕಣ್ಣಾ ನನಗೆ? ನನ್ನ ಮುಖ ನೋಡು. ಗಡ್ಡ ಇದೆಯಾ?

ಅಂಗಡಿಯಣ್ಣ: ಚೀಟೀಲಿ ಇದೆ ಅಕ್ಕಾ.

ಗುಂಡಿಯಕ್ಕ: ಗಡ್ಡ ಇದೆಯಾ ಅಂತ ಕೇಳಿದೆ.

ಅಂಗಡಿಯಣ್ಣ: ಗಡ್ಡ ಇಲ್ಲ. ಚೀಟೀಲಿ ಬ್ಲೇಡು ಇದೆ. ನಾನು ಚೀಟಿ ನೋಡಿ ಕಟ್ಟೋನು, ಮುಖ ನೋಡಿ ಅಲ್ಲ.

ಗುಂಡಿಯಕ್ಕ: ಚೀಟಿಗೆ ಬುದ್ಧಿ ಇಲ್ಲ, ಸರಿ. ನಿನಗೂ ಇಲ್ವಾ? ಗಡ್ಡ ಇದ್ದ ಮನುಷ್ಯ ಹೋಗಿ ಎಂಟು ತಿಂಗಳಾಯ್ತು.

ಅಂಗಡಿಯಣ್ಣ ತಲೆ ತಗ್ಗಿಸಿ ತಕ್ಕಡಿ ಒರೆಸತೊಡಗಿದ. ನಗು ಬಂದರೂ ನಗುವಂತಿರಲಿಲ್ಲ. ಎದುರಿಗೆ ನಿಂತವಳ ಬಲಗಣ್ಣಿಗೆ ಒಂದು ಕರಿಯ ಕೊಳವೆ ಸಿಕ್ಕಿಕೊಂಡಿತ್ತು. ವಾಚು ರಿಪೇರಿ ಮಾಡುವವರು ಕಣ್ಣಿಗೆ ಒತ್ತಿಕೊಳ್ಳುವ ಭೂತಗನ್ನಡಿ ಅದು. ಗಂಡನದು. ಕೈಯಲ್ಲಿದ್ದ ರಟ್ಟೂ ಗಂಡನದೇ. ಹದಿಮೂರು ವರ್ಷದ ಹಿಂದೆ ಅಂಗಿಯ ಡಬ್ಬದ ರಟ್ಟು ಕತ್ತರಿಸಿ, ತಿಂಗಳ ದಿನಸಿಯನ್ನೆಲ್ಲ ಅದರ ಮೇಲೆ ಬರೆದು, ಅಳಿಸದ ಹಾಗೆ ಟೇಪು ಅಂಟಿಸಿ ಇಟ್ಟಿದ್ದ. ತಿಂಗಳ ಮೊದಲ ದಿನ ರಟ್ಟು ಅಂಗಡಿಗೆ ಹೋಗುತ್ತಿತ್ತು, ಚೀಲದ ಜೊತೆ ವಾಪಸು ಬರುತ್ತಿತ್ತು.

ವಾಚಿನ ಹಲ್ಲು ಎಣಿಸಿದವನ ಅಕ್ಷರ ಇರುವೆಯ ಕಾಲಿನಷ್ಟು. ಇವಳು ಓದಿದ್ದು ಮೂರನೇ ಕ್ಲಾಸು. ದರ್ಜಿಗಳ ಅಂಗಡಿಯಿಂದ ಬರುವ ಅಂಗಿಗಳಿಗೆ ಮನೆಯಲ್ಲಿ ಕೂತು ಗುಂಡಿ ಹೊಲಿಯುವುದು ಕೆಲಸ, ಹಾಗಾಗಿ ಬೀದಿಗೆಲ್ಲ ಗುಂಡಿಯಕ್ಕ. ರಟ್ಟಿನಲ್ಲಿ ಏನಿದೆ ಎಂದು ಅವಳು ಒಂದು ದಿನವೂ ಓದಿರಲಿಲ್ಲ. ಗಂಡ ಸತ್ತ ಮೇಲೂ ಅದನ್ನೇ ಕೊಟ್ಟು ಕಳಿಸುತ್ತಿದ್ದಳು. ಬೇರೆ ಚೀಟಿ ಬರೆಯುವವರು ಯಾರು? ಚೀಲ ತುಂಬಿ ಬರುತ್ತಿತ್ತು, ಇಬ್ಬರ ಚೀಲ. ಈ ತಿಂಗಳು ಅವಳ ಪರ್ಸು ಒಬ್ಬರಿಗೆ ಸಾಕು ಎಂದು ಬಾಯಿ ಮುಚ್ಚಿಕೊಂಡಿತ್ತು. ಬೆಳಿಗ್ಗೆ ಅವನ ಕೆಲಸದ ಪೆಟ್ಟಿಗೆಯಲ್ಲಿ ಭೂತಗನ್ನಡಿ ಸಿಕ್ಕಿತು. ಕಣ್ಣಿಗೆ ಒತ್ತಿ ರಟ್ಟು ಓದಿದಳು. ಅರ್ಧ ಓದುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತು. ಹಾಗೇ ಚಪ್ಪಲಿ ಮೆಟ್ಟಿ ಬಂದಿದ್ದಳು. ಚೀಟಿಯನ್ನು ಅರ್ಧ ಮಾಡಿಸದೆ ಮನೆಗೆ ಹೋಗುವುದಿಲ್ಲ.

ಅಂಗಡಿಯಣ್ಣ: ಎಂಟು ತಿಂಗಳು ಬ್ಲೇಡು ಬಂತು. ನೀವೂ ಸುಮ್ನೆ ಇಟ್ಕೊಂಡ್ರಲ್ಲ ಅಕ್ಕಾ.

ಗುಂಡಿಯಕ್ಕ: ದಾರ ಕತ್ತರಿಸೋಕೆ ಆಗುತ್ತೆ ಅಂತ ಇಟ್ಕೊಂಡೆ.

ಅಂಗಡಿಯಣ್ಣ: ಹಾಗಾದ್ರೆ ಬ್ಲೇಡು ಇರಲಿ.

ಗುಂಡಿಯಕ್ಕ: ...ಇರಲಿ. ಮುಂದಿನದು. ತಲೆಗೆ ಹಚ್ಚೋ ಎಣ್ಣೆ, ದೊಡ್ಡ ಬಾಟ್ಲಿ. ಅವರ ತಲೇಲಿ ಇದ್ದಿದ್ದೇ ಹದಿನಾರು ಕೂದಲು.

ಅಂಗಡಿಯಣ್ಣ: ತೆಗೆದುಬಿಡ್ಲಾ?

ಗುಂಡಿಯಕ್ಕ: ತಡಿ. ಬಾಗಿಲು ಕಿರುಗುಟ್ಟುತ್ತೆ. ಮೊದಲು ಅವರು ನೋಡ್ಕೋತಿದ್ರು. ಈಗ ನಾನು ಆ ಎಣ್ಣೇನೇ ಹಾಕೋದು. ಬಾಗಿಲು ತೆಗೆದ್ರೆ ಅವರೇ ಬಂದ ವಾಸನೆ.

ಅಂಗಡಿಯಣ್ಣ: ಎಣ್ಣೆ ಇರಲಿ.

ಒಳಗಿನ ಮಣೆಯ ಮೇಲೆ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದ ಅಂಗಡಿಯಣ್ಣನ ಹೆಂಡತಿ ತಲೆ ಎತ್ತಿದಳು. ಗುಂಡಿಯಕ್ಕ ಅವಳನ್ನು ಅತ್ತಿಗೆ ಎನ್ನುತ್ತಾಳೆ.

ಅತ್ತಿಗೆ: ಚೆನ್ನಾಗಿ ಕಡಿಮೆ ಮಾಡ್ತಾ ಇದ್ದೀರ ಇಬ್ರೂ. ಇನ್ನು ಸ್ವಲ್ಪ ಹೊತ್ತಿಗೆ ಗಡ್ಡದ ಸೋಪೂ ಸೇರುತ್ತೆ.

ಗುಂಡಿಯಕ್ಕ: ನೀನು ಕಲ್ಲು ಆರಿಸು ಅತ್ತಿಗೆ. ಅಕ್ಕಿ. ಇದು ಮಾತ್ರ ಅರ್ಧ ಆಗಲೇಬೇಕು.

ಅಂಗಡಿಯಣ್ಣ: ಮಿಕ್ಕಿದ್ದು ಏನು ಮಾಡ್ತಿದ್ರಿ ಇಷ್ಟು ದಿನ?

ಗುಂಡಿಯಕ್ಕ: ಮಿಕ್ಕಿದ್ದು ಎಲ್ಲಿ? ಎರಡು ಲೋಟ ಅಕ್ಕಿ ಹಾಕಿ ಅಭ್ಯಾಸ ಆದ ಕೈ. ಒಂದು ಹಾಕಿದ್ರೆ ಪಾತ್ರೆ ನನ್ನ ಮುಖ ನೋಡುತ್ತೆ. ಎರಡು ತಟ್ಟೆ ಹಾಕ್ತೀನಿ. ನನ್ನದು ತಿಂತೀನಿ. ಆಮೇಲೆ ಆ ಕಡೆ ಕೂತು ಅವರದ್ದೂ ತಿಂತೀನಿ.

ಅತ್ತಿಗೆ: ಅಯ್ಯೋ!

ಗುಂಡಿಯಕ್ಕ: ಅಯ್ಯೋ ಅನ್ನೋದು ನೋಡು. ದುಃಖದಲ್ಲಿ ಜನ ಸೊರಗಿ ಕಡ್ಡಿ ಆಗ್ತಾರೆ. ನಾನು ಊದಿಕೊಂಡೆ. ಮೊನ್ನೆ ದೂರದ ನಾದಿನಿ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದಳು. ಅಳೋಕೆ ಅಂತ ಕರ್ಚೀಫು ತೆಗೆದವಳು ನನ್ನ ನೋಡಿ ವಾಪಸು ಒಳಗಿಟ್ಟಳು. 'ಚೆನ್ನಾಗಿದ್ದೀಯ ಬಿಡು' ಅಂದು ಹೋದಳು.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ಮತ್ತೆ ಏನೋ ನೆನಪಾಗಿ ಎದ್ದು, ಮೊಳೆಗೆ ತೂಗಿದ್ದ ಅಂಗಿಯೊಂದನ್ನು ತಂದು ಕಟ್ಟೆಯ ಮೇಲೆ ಹಾಕಿದಳು.

ಅತ್ತಿಗೆ: ಬಂದಿದ್ದೀಯ, ಇದನ್ನೂ ತಗೊಂಡು ಹೋಗು. ಹೊಟ್ಟೆ ಹತ್ರ ಎರಡು ಗುಂಡಿ ಹಾರಿವೆ. ಒಂದು ತಿಂಗಳಲ್ಲಿ ಇದು ನಾಲ್ಕನೇದು.

ಗುಂಡಿಯಕ್ಕ: ನನ್ನ ದಾರದ್ದು ತಪ್ಪು ಅನ್ನಬೇಡ ಮತ್ತೆ. ನಾನು ಐದು ಸುತ್ತು ಹೊಲಿದಿದ್ದೆ. ಅಣ್ಣಾ, ನೀನು ಏನು ತಿಂತೀಯ?

ಅಂಗಡಿಯಣ್ಣ: ಚೀಟಿ ಓದಿ ಅಕ್ಕಾ. ಹೊತ್ತಾಯ್ತು.

ಗುಂಡಿಯಕ್ಕ ಭೂತಗನ್ನಡಿಯನ್ನು ಸರಿಯಾಗಿ ಒತ್ತಿಕೊಂಡಳು. ಮುಂದಿನ ಸಾಲು ಅವಳಿಗೆ ಹೆಮ್ಮೆಯದು.

ಗುಂಡಿಯಕ್ಕ: ಸೋರೆಕಾಯಿ, ವಾರಕ್ಕೆ ಎರಡು. ಇದಕ್ಕೆ ಮಾತ್ರ ಯಾರೂ ಕೈ ಹಾಕೋ ಹಾಗಿಲ್ಲ. ಇದರಲ್ಲೇ ಅವರನ್ನ ಹನ್ನೆರಡು ವರ್ಷ ಸಾಕಿದೆ. ಡಾಕ್ಟರು ಸಕ್ಕರೆ ಕಡಿಮೆ ಮಾಡಿ ಅಂದ್ರು. ನಾನು ಪೂರ್ತಿ ನಿಲ್ಲಿಸಿದೆ. ಉಪ್ಪಿನ ಮಾತು ಡಾಕ್ಟರು ಎತ್ತಲೇ ಇಲ್ಲ. ಅದನ್ನ ನಾನೇ ಸೇರಿಸಿಕೊಂಡೆ. ಬೇಯಿಸಿದ ಸೋರೆಕಾಯಿ, ಸಪ್ಪೆ ಅನ್ನ. ಒಂದು ದಿನಾನೂ ತುಟಿ ಎರಡು ಮಾಡಲಿಲ್ಲ ಆ ಮನುಷ್ಯ. ಕೊನೆಗೆ ನಾಲ್ಕು ದಿನದ ಜ್ವರ ತಗೊಂಡು ಹೋಯ್ತೇ ಹೊರತು ಸಕ್ಕರೆ ಅಲ್ಲ. ಅಷ್ಟು ನಾನು ಮಾಡಿದೆ. ಇನ್ನೇನು ಮಾಡದೆ ಇದ್ರೂ ಅದೊಂದು ಮಾಡಿದೆ.

ಇದನ್ನು ಅವಳು ಎಂಟು ತಿಂಗಳಿಂದ ಬಂದವರಿಗೆಲ್ಲ ಹೇಳಿದ್ದಳು. ಯಾರೂ ಬರದ ದಿನ ತನಗೇ ಹೇಳಿಕೊಂಡಿದ್ದಳು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಗುಂಡಿಯಕ್ಕ: ಆದ್ರೆ ಒಂದು ಮಾತು ಅಣ್ಣಾ. ಸೋರೆಕಾಯಿಲಿ ಮಾತ್ರ ನೀನು ಮೋಸಗಾರ. ಎಲ್ಲರಿಗೂ ತೋಳಿನಷ್ಟು ಉದ್ದದ್ದು ಕೊಟ್ಟು ನಮಗೆ ಮಾತ್ರ ಹೆಬ್ಬೆರಳು. ಬೀದೀಲಿ ಎಷ್ಟು ಜನರ ಹತ್ರ ಹೇಳಿದ್ದೀನಿ ಗೊತ್ತಾ?

ಅಂಗಡಿಯಣ್ಣ: ಗೊತ್ತು. ಅವರೇ ಬಂದು ಹೇಳಿದ್ರು.

ಅತ್ತಿಗೆ: ಆ ಸಾಲು ಪೂರ್ತಿ ಓದೇ. ಅಂಚಿನವರೆಗೂ ಓದು.

ಅಂಗಡಿಯಣ್ಣ: ಲೇ, ಸುಮ್ನಿರು.

ಅತ್ತಿಗೆ: ನಾನ್ಯಾಕೆ ಸುಮ್ನಿರಲಿ? ಹನ್ನೆರಡು ವರ್ಷ ಕಳ್ಳ ಅನ್ನಿಸಿಕೊಂಡಿದ್ದು ನನ್ನ ಗಂಡ. ಓದೇ!

ಗುಂಡಿಯಕ್ಕ ರಟ್ಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಅಂಚಿನಲ್ಲಿ ಇನ್ನೂ ಸಣ್ಣ ಇರುವೆಗಳು ಸಾಲುಗಟ್ಟಿದ್ದವು. ಒಂದೊಂದೇ ಅಕ್ಷರ ಕೂಡಿಸಿದಳು.

ಗುಂಡಿಯಕ್ಕ: 'ಚಿಕ್ಕದಿರಲಿ. ಇರೋದರಲ್ಲೇ... ಅತಿ ಚಿಕ್ಕದು. ಇವತ್ತು ಬಂದಿಲ್ಲ ಅಂದರೆ... ಇನ್ನೂ ಒಳ್ಳೇದು.'

ಅಂಗಡಿಯ ಗಡಿಯಾರ ಟಿಕ್ ಟಿಕ್ ಎಂದಿತು. ಅದನ್ನು ರಿಪೇರಿ ಮಾಡಿದ್ದೂ ಅವಳ ಗಂಡನೇ.

ಗುಂಡಿಯಕ್ಕ: ಇದು ಅವರ ಅಕ್ಷರಾನಾ?

ಅಂಗಡಿಯಣ್ಣ: ಈ ಬೀದೀಲಿ ಬೇರೆ ಯಾರಿಗೆ ಅಷ್ಟು ಸಣ್ಣಗೆ ಬರೆಯೋಕೆ ಬರುತ್ತೆ ಅಕ್ಕಾ?

ಗುಂಡಿಯಕ್ಕ: ಇದೇನಿದು ಕೆಳಗೆ... 'ಕ್ರೀಮ್ ಬಿಸ್ಕತ್ತು, ಆರು ಪೊಟ್ಟಣ.' ಕ್ರೀಮ್ ಬಿಸ್ಕತ್ತಾ? ನಮ್ಮ ಮನೆಗೆ ಕ್ರೀಮ್ ಬಿಸ್ಕತ್ತು ಕಾಲಿಟ್ಟಿದ್ದೇ ಇಲ್ಲ! ಈಗ ಸಿಕ್ಕಿಬಿದ್ದೆ ನೋಡು. ದುಡ್ಡು ತಗೊಂಡಿದ್ದೀಯ, ಚೀಲಕ್ಕೆ ಹಾಕಿಲ್ಲ!

ಅಂಗಡಿಯಣ್ಣ: ಅದರ ಪಕ್ಕದ್ದೂ ಓದಿಬಿಡಿ ಅಕ್ಕಾ.

ಗುಂಡಿಯಕ್ಕ: 'ಮನೆಗೆ ಬೇಡ.'

ಅವಳು ಭೂತಗನ್ನಡಿ ತೆಗೆದಳು. ಕಣ್ಣಿನ ಸುತ್ತ ಕೆಂಪು ಉಂಗುರ ಮೂಡಿತ್ತು. ಬರಿಗಣ್ಣಿಗೆ ರಟ್ಟು ಮತ್ತೆ ಬರೀ ಇರುವೆ. ತೆಗೆದಿದ್ದಕ್ಕೆ ಪ್ರಯೋಜನವಾಗಲಿಲ್ಲ, ಓದಿದ್ದು ಓದಿಯಾಗಿತ್ತು.

ಗುಂಡಿಯಕ್ಕ: ಎಲ್ಲಿ ತಿಂತಿದ್ರು?

ಅಂಗಡಿಯಣ್ಣ: ನೀವು ನಿಂತಿದ್ದೀರಲ್ಲ, ಅದರ ಪಕ್ಕ. ಆ ಸ್ಟೂಲಿನ ಮೇಲೆ. ದಿನಾ ಸಂಜೆ ಕೆಲಸ ಮುಗಿಸಿ ಬರೋರು. ಒಂದು ಅವರಿಗೆ, ಒಂದು ನನಗೆ. ಅವರು ಎರಡನೇದು ಯಾವತ್ತೂ ತಿಂದಿಲ್ಲ ಅಕ್ಕಾ, ಸುಳ್ಳು ಹೇಳಲ್ಲ.

ಗುಂಡಿಯಕ್ಕ: ನನ್ನ ಅಡುಗೆ ಬಗ್ಗೆ ಏನಂತಿದ್ರು?

ಅಂಗಡಿಯಣ್ಣ: ಹೊಟ್ಟೆಗೆ ಭಾರ ಆಗಲ್ಲ ಅಂತಿದ್ರು.

ಅತ್ತಿಗೆ: ನಿಜ ಹೇಳ್ರೀ.

ಅಂಗಡಿಯಣ್ಣ: ಊಟ ಮಾಡಿದ ಹಾಗೇ ಇರಲ್ಲ ಅಂತಿದ್ರು.

ಗುಂಡಿಯಕ್ಕ: ಮತ್ತೆ ನನ್ನ ಹತ್ರ ಯಾಕೆ ಹೇಳಲಿಲ್ಲ? ಬಾಯಿ ಇರಲಿಲ್ವಾ? ಉಪ್ಪು ಹಾಕೇ ಅಂದಿದ್ರೆ ಹಾಕ್ತಿರಲಿಲ್ವಾ ನಾನು?

ಅತ್ತಿಗೆ: ಹಾಕ್ತಿದ್ದೆಯಾ?

ಗುಂಡಿಯಕ್ಕ: ...ಇಲ್ಲ.

ಅಂಗಡಿಯಣ್ಣ: ನಾನೂ ಒಂದ್ಸಲ ಕೇಳಿದೆ, ಯಾಕೆ ಹೇಳಬಾರ್ದು ಅಂತ. 'ಎದುರಿಗೆ ಕೂತು ಕೊನೇ ತುತ್ತಿನವರೆಗೂ ನನ್ನನ್ನೇ ನೋಡ್ತಾಳೆ ಕಣೋ. ಹಾಗೆ ನೋಡೋರ ಮುಂದೆ ಸಪ್ಪೆ ಅಂತ ಹೇಗೆ ಹೇಳಲಿ' ಅಂದ್ರು.

ಗುಂಡಿಯಕ್ಕ ಸ್ಟೂಲಿನ ಮೇಲೆ ಕೂತಳು.

ಗುಂಡಿಯಕ್ಕ: ತಟ್ಟೇಲಿ ಬಿಡ್ತಾರಾ ಅಂತ ನೋಡ್ತಿದ್ದೆ ಕಣಣ್ಣಾ. ಅದು ಕಾವಲು. ಆ ಪುಣ್ಯಾತ್ಮ ಅದನ್ನ ಪ್ರೀತಿ ಅಂದ್ಕೊಂಡ.

ಅತ್ತಿಗೆ ಬೇಳೆಯ ಮೊರವನ್ನು ಸುಮ್ಮನೆ ಒಮ್ಮೆ ಕೇರಿದಳು. ಗುಂಡಿಯಕ್ಕ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಅವಳ ತಲೆಯೊಳಗೆ ಏನೋ ಲೆಕ್ಕ ತಿರುಗಿತು.

ಗುಂಡಿಯಕ್ಕ: ತಡಿ. ಅವರು ಹೋಗಿ ಎಂಟು ತಿಂಗಳು. ರಟ್ಟು ಅದೇ ಬಂದಿದೆ. ಆರು ಪೊಟ್ಟಣಕ್ಕೆ ದುಡ್ಡು ತಿಂಗಳು ತಿಂಗಳೂ ಕೊಟ್ಟಿದ್ದೀನಿ. ಆ ಬಿಸ್ಕತ್ತು ಎಲ್ಲಿ?

ಅಂಗಡಿಯಣ್ಣ ಬಾಗಿ ಕಟ್ಟೆಯ ಕೆಳಗಿನಿಂದ ಒಂದು ತಗಡಿನ ಡಬ್ಬ ತೆಗೆದಿಟ್ಟ. ಒಳಗೆ ಇದ್ದದ್ದು ಒಂದೇ ಪೊಟ್ಟಣ, ಅದೂ ಅರ್ಧ ತೆರೆದದ್ದು.

ಅಂಗಡಿಯಣ್ಣ: ಮೊದಲ ತಿಂಗಳು ಚೀಟಿ ಬಂದಾಗ ಏನು ಮಾಡೋದು ತಿಳಿಲಿಲ್ಲ ಅಕ್ಕಾ. ಬಿಸ್ಕತ್ತು ನಿಲ್ಲಿಸಿದ್ರೆ ದುಡ್ಡು ಯಾಕೆ ಕಡಿಮೆ ಆಯ್ತು ಅಂತ ನೀವು ಕೇಳ್ತೀರ. ಅವರ ಗುಟ್ಟು ಹೊರಗೆ ಬರುತ್ತೆ. ಅದಕ್ಕೆ ಡಬ್ಬಕ್ಕೆ ಹಾಕಿದೆ. ಸಂಜೆ ಆಯ್ತು. ನನ್ನದು ನಾನು ತಿಂದೆ. ಅವರದು ಹಾಗೇ ಸ್ಟೂಲಿನ ಮೇಲೆ ಇತ್ತು. ನೋಡೋಕಾಗಲಿಲ್ಲ.

ಗುಂಡಿಯಕ್ಕ: ತಿಂದೆ.

ಅಂಗಡಿಯಣ್ಣ: ತಿಂದೆ. ಮಾರನೇ ದಿನಾನೂ.

ಅತ್ತಿಗೆ ಮೊರ ಕೆಳಗಿಟ್ಟು ಎದ್ದು ನಿಂತಳು.

ಅತ್ತಿಗೆ: ಅದಕ್ಕಾ! ಎಂಟು ತಿಂಗಳಿಂದ ಗುಂಡಿ ಹಾರೋದು ಅದಕ್ಕಾ! ವಾಯು ವಾಯು ಅಂತ ಜೀರಿಗೆ ನೀರು ಕುಡಿಸ್ತಿದ್ದೀನಲ್ರೀ ನಿಮಗೆ!

ಅಂಗಡಿಯಣ್ಣ: ಅದನ್ನೂ ಕುಡಿದೆ.

ಗುಂಡಿಯಕ್ಕ ಅವನ ಹೊಟ್ಟೆಯನ್ನು ನೋಡಿದಳು. ತನ್ನದನ್ನೂ ನೋಡಿಕೊಂಡಳು. ಒಬ್ಬ ಮನುಷ್ಯ ಹೋದ; ಅವನ ಪಾಲನ್ನು ಇಬ್ಬರು ಕೂತು ತಿಂದು ಹೀಗೆ ಆಗಿದ್ದಾರೆ. ಅವಳಿಗೆ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಬಂದದ್ದು, ಬಿಕ್ಕಳಿಕೆಯ ಹಾಗೆ ಬಂತು.

ಅಂಗಡಿಯಣ್ಣ: ಬಿಸ್ಕತ್ತಿನ ದುಡ್ಡು ವಾಪಸು ಕೊಡ್ತೀನಿ ಅಕ್ಕಾ. ಈ ತಿಂಗಳ ಸಾಮಾನಿಗೆ ವಜಾ ಮಾಡ್ತೀನಿ.

ಗುಂಡಿಯಕ್ಕ: ಬೇಡ. ನೀನು ನನ್ನ ಬಿಸ್ಕತ್ತು ತಿಂದೆ, ನಿನ್ನ ಗುಂಡಿ ಹಾರಿತು, ನಾನು ಹೊಲಿದು ಕೂಲಿ ತಗೊಂಡೆ. ಸರಿಹೋಯ್ತು. ಡಬ್ಬ ಇತ್ತ ತಾ.

ಒಂದು ಬಿಸ್ಕತ್ತು ತೆಗೆದಳು. ಕಚ್ಚಿದಳು. ಎರಡು ಪದರದ ನಡುವಿನ ಸಿಹಿ ನಾಲಿಗೆಗೆ ತಾಗಿತು. ಮೆತ್ತಗಾಗಿತ್ತು, ಆದರೂ ಪೂರ್ತಿ ತಿಂದಳು. ಎದುರಿಗೆ ಕೂತು ಯಾರೂ ನೋಡಬಾರದೆಂದು ಗೋಡೆಯ ಕಡೆ ತಿರುಗಿಕೊಂಡೇ ತಿಂದಳು.

ಅಂಗಡಿಯಣ್ಣ ಪೆನ್ಸಿಲ್ ಕಿವಿಯಿಂದ ತೆಗೆದ.

ಅಂಗಡಿಯಣ್ಣ: ಏನು ಕಡಿಮೆ ಮಾಡ್ಲಿ ಹೇಳಿ.

ಗುಂಡಿಯಕ್ಕ: ಅಕ್ಕಿ ಅರ್ಧ. ಬೇಳೆ ಅರ್ಧ. ಇವತ್ತಿಂದ ಒಂದೇ ತಟ್ಟೆ. ಸೋರೆಕಾಯಿ ಹೊಡೆದುಹಾಕು.

ಅಂಗಡಿಯಣ್ಣ: ಪೂರ್ತೀನಾ?

ಗುಂಡಿಯಕ್ಕ: ನನಗೂ ಅದು ಯಾವತ್ತೂ ಸೇರಿದ್ದಲ್ಲ. ಅವರಿಗೆ ಬಡಿಸಿ, ಅವರು ಅತ್ತ ಕೈ ತೊಳೆಯೋಕೆ ಹೋದಾಗ ನಾನು ಉಪ್ಪಿನಕಾಯಿ ನೆಕ್ಕಿಕೊಂಡು ತಿಂತಿದ್ದೆ.

ಅತ್ತಿಗೆ: ಹಾಳಾದವಳೇ!

ಗುಂಡಿಯಕ್ಕ: ಹೂಂ ಮತ್ತೆ. ಅವರೊಬ್ಬರೇ ಕಳ್ಳರಾ?

ಅಂಗಡಿಯಣ್ಣ: ಬಿಸ್ಕತ್ತು?

ಗುಂಡಿಯಕ್ಕ: ಆರಲ್ಲ, ಮೂರು. ನಿನ್ನದು ನಿನ್ನ ದುಡ್ಡಲ್ಲಿ ತಿನ್ನು. ಮನೆಗೆ ಬೇಡ, ಡಬ್ಬದಲ್ಲೇ ಇರಲಿ. ಸಂಜೆ ಬರ್ತೀನಿ.

ಹಾರಿದ ಗುಂಡಿಯ ಅಂಗಿಯನ್ನು ಕಂಕುಳಿಗೆ ಸಿಕ್ಕಿಸಿ, ರಟ್ಟನ್ನೂ ಭೂತಗನ್ನಡಿಯನ್ನೂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದಳು.

ಅತ್ತಿಗೆ: ಅಲ್ವೇ, ಈಗ ಮನೆಗೇ ತಗೊಂಡು ಹೋಗಬಾರ್ದಾ? ಅಲ್ಲಿ ಬೈಯೋರು ಯಾರಿದ್ದಾರೆ?

ಗುಂಡಿಯಕ್ಕ: ನಾನಿದ್ದೀನಲ್ಲ.