ನನ್ನ ಮುಖ ಮರೆತ ಲ್ಯಾಪ್‌ಟಾಪು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು ನಾನು. ಇವತ್ತು ಮರಳೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸ್ವಂತ ಅಂಗಡಿ ಇದೆ. ಹೀಗಿರುವಾಗ ಲ್ಯಾಪ್‌ಟಾಪಿಗೆ ಹೊಸ ಸಿಸ್ಟಮ್ ಹಾಕಿಕೊಳ್ಳುವುದೂ ಒಂದು ಕೆಲಸವೇ? ಶೆಟ್ಟಿಹಳ್ಳಿಯ ಬಾಮೈದ ಫೋನಿನಲ್ಲಿ, "ಭಾವ, ನಾನ್ ಬರೋಗಂಟ ಮುಟ್‌ಬೇಡಿ" ಅಂದಿದ್ದ.

ಭಾನುವಾರ ಮುಟ್ಟಿದೆ.

ಆಹಾ! ಎರಡು ಗಂಟೆ ಚಕ್ರ ತಿರುಗಿದ ಮೇಲೆ ಪರದೆಯಲ್ಲಿ ಒಂದು ಕೆರೆ ಕಾಣಿಸಿತು. ಮಂಜು ಮುಸುಕಿದ ನೀರು, ಆಚೆ ದಡದಲ್ಲಿ ನೀಲಿ ಬೆಟ್ಟ. ಇಷ್ಟು ದಿನ ಪರದೆಯ ಎಡಮೂಲೆಯಲ್ಲಿ ಮುದುರಿ ಕೂತಿದ್ದ ಪುಟ್ಟ ಐಕಾನ್ ಚಿತ್ರಗಳೆಲ್ಲ ನಡುವೆ ಬಂದು ಬಾತುಕೋಳಿಗಳ ಹಾಗೆ ಸಾಲಾಗಿ ತೇಲುತ್ತಿದ್ದವು. ನೋಡುತ್ತಾ ನೋಡುತ್ತಾ ನಾನು ಕುಣಿಗಲ್ ಕೆರೆ ಏರಿಯ ಮೇಲೆ ಹೋಗಿ ಕೂತೆ. ತಂಗಾಳಿ ಬೀಸಿತು.

"ರೀ, ಬಾಯ್ ಮುಚ್ಕೊಳಿ, ನೊಣ ಹೋಗ್ತದೆ," ಅಂದಳು ಹೆಂಡತಿ ಗಿರಿಜ.

ಇನ್ನು ಮೇಲೆ ಮುಖ ತೋರಿಸಿದರೆ ಸಾಕು, ತಾನೇ ತೆರೆದುಕೊಳ್ಳುತ್ತೇನೆ ಎಂದಿತು ಹೊಸ ಸಿಸ್ಟಮ್. ತೋರಿಸಿದೆ. ಗುರುತು ಹಿಡಿಯಿತು! ನನ್ನ ಮುಖಕ್ಕೆ ಮನೆಯಲ್ಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಜೊತೆಗೊಂದು ಗುಟ್ಟಿನ ನಂಬರ್ ಕೇಳಿತು. ಯಾರೂ ಊಹಿಸಲಾರದಂಥದ್ದನ್ನು ಕೊಟ್ಟೆ.

ಸೋಮವಾರ ಬೆಳಗ್ಗೆ ಸಿ.ಎಸ್. ಪುರದ ಸಿದ್ದಲಿಂಗಪ್ಪ ಬಂದು ಕೂತರು. ಮಗಳ ಮದುವೆ. ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಅವತ್ತಿನ ಮಧ್ಯಾಹ್ನದ ಪೂಜೆಯಲ್ಲಿ ಮನೆದೇವರ ಮುಂದಿಡಬೇಕು. ಅಲ್ಲಿಯವರೆಗೆ ಯಾರಿಗೂ ಹಂಚುವಂತಿಲ್ಲ.

"ಹತ್ತೂವರೆ ಬಸ್ ತಪ್ಪಿದ್ರೆ ಇನ್ ಬರೋ ಸೋಮವಾರನೇ ಕಣಣ್ಣ. ನಮ್ ಬೀಗ್ರು ಮೊದ್ಲೇ ಬೆಂಕಿ!"

"ಐದೇ ನಿಮಿಷ," ಅಂದೆ.

ಆದರೆ ಸೋಮವಾರ ಪೂಜೆಯಿಲ್ಲದೆ ನಮ್ಮಲ್ಲಿ ಯಾವ ಮೆಷಿನ್ನೂ ಕೆಲಸ ಮಾಡುವುದಿಲ್ಲ. ಹೊಸ ಸಿಸ್ಟಮಿಗೆ ವಿಶೇಷ ಉಪಚಾರ! ಪರದೆಯ ಮೇಲಂಚಿನ ನಟ್ಟನಡುವೆ, ಹಣೆಯೆಂದು ನಾನು ತೀರ್ಮಾನಿಸಿದ ಜಾಗದಲ್ಲಿ, ದಪ್ಪಗೆ ವಿಭೂತಿ ಎಳೆದು ಕುಂಕುಮ ಇಟ್ಟೆ. ಊದುಬತ್ತಿ ಬೆಳಗಿದೆ. ಅದರ ಹೊಗೆ ಕೆರೆಯ ಮಂಜಿನೊಳಗೆ ಸೇರಿಕೊಂಡಿತು. ನಾನು ಮತ್ತೆ ಏರಿಯ ಮೇಲೆ ಕೂತೆ. ಎಷ್ಟು ಹೊತ್ತೋ!

"ಅಣ್ಣಾ, ಬಸ್ಸು!"

ಎಚ್ಚೆತ್ತು ನೋಡಿದರೆ ಪರದೆ ಮಲಗಿತ್ತು. ಎಬ್ಬಿಸಿ ಮುಖ ತೋರಿಸಿದೆ. ‘ನಿಮ್ಮನ್ನು ಗುರುತಿಸಲಾಗಲಿಲ್ಲ.’

ನನ್ನನ್ನು! ನನ್ನದೇ ಅಂಗಡಿಯಲ್ಲಿ!

ನನ್ನ ಹಣೆಯ ವಿಭೂತಿ ಅಡ್ಡ ಬಂತೇನೋ ಎಂದು ಮುಖ ತೊಳೆದು ಬಂದೆ. ಇಲ್ಲ. ಪರದೆ ನೋಡಿ ನಕ್ಕೆ.

"ನಗ್‌ಬೇಡ ಬುಡಣ್ಣ, ಹೆದ್ರಿಕಂಡೈತೆ," ಅಂದರು ಸಿದ್ದಲಿಂಗಪ್ಪ.

ಗುಟ್ಟಿನ ನಂಬರ್ ಇತ್ತಲ್ಲ! ಯಾರೂ ಊಹಿಸಲಾರದ ನಂಬರ್. ನನಗೂ ಊಹಿಸಲಾಗಲಿಲ್ಲ. ನಾಲ್ಕೈದು ಸಲ ತಪ್ಪಾದ ಮೇಲೆ, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದಿತು. ಎರಡು ದಿನದ ಗಡ್ಡವೇ ಅಪರಾಧಿಯೆಂದು ತೀರ್ಮಾನಿಸಿ, ಅಂಗಡಿಯ ಹಿಂದಿರುವ ಮನೆಯ ಬಚ್ಚಲಿಗೆ ಓಡಿ ಕ್ಷೌರಕ್ಕೆ ಕೂತೆ. ಒಂದು ಕೆನ್ನೆ ಮುಗಿದಿತ್ತು.

"ಹತ್ತೂ ಕಾಲಾಯ್ತು!" ಸಿದ್ದಲಿಂಗಪ್ಪ ಅಂಗಡಿಯಿಂದ ಕೂಗಿದರು. ಹಾಗೇ ಓಡಿ ಬಂದೆ. ಅವರು ಟವಲನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು.

ಅಷ್ಟರಲ್ಲಿ ಗಿರಿಜ ಕಾಫಿ ತಂದಳು. ಲ್ಯಾಪ್‌ಟಾಪ್ ನೋಡಿದಳು. ನನ್ನನ್ನು ನೋಡಿದಳು.

"ಅದ್ರ ಕಣ್ಣಿಗ್ಯಾಕ್ರೀ ವಿಭೂತಿ ಬಳ್ದಿದೀರ?"

"ಕಣ್ಣಲ್ಲ ಕಣೇ, ಹಣೆ!"

"ಕ್ಯಾಮ್ರಾ ಇರೋದೇ ಅಲ್ಲಿ. ಅದಕ್ಕೆ ಹಣೇಲೇ ಕಣ್ಣು!"

ಸೆರಗಿನಿಂದ ಒರೆಸಿದಳು. ಅರ್ಧ ಗಡ್ಡದ ನನ್ನನ್ನು ಸಿಸ್ಟಮ್ ತಕ್ಷಣ ಗುರುತು ಹಿಡಿದು ಸ್ವಾಗತಿಸಿತು. ಮೊದಲ ಪತ್ರಿಕೆ ಬಿಸಿಬಿಸಿಯಾಗಿ ಹೊರಬಂತು. ಸಿದ್ದಲಿಂಗಪ್ಪ ಅದನ್ನು ಟವಲಿನಲ್ಲಿ ಸುತ್ತಿಕೊಂಡು ಓಡಿದರು.

"ಮದ್ವೆಗ್ ಬಾರಣ್ಣ! ಆದ್ರೆ ವಿಭೂತಿ ಹಚ್ಚೋ ಕೆಲ್ಸ ಮಾತ್ರ ನಿಂಗ್ ಕೊಡಾಕಿಲ್ಲ!"

ಬಸ್ಸು ಸಿಕ್ಕಿತೆಂದು ಆಮೇಲೆ ಫೋನ್ ಬಂತು.

ದಿನಾ ಬೆಳಗ್ಗೆ ಮುಕ್ಕಣ್ಣನಿಗೆ ಕೈಮುಗಿಯುವವನು ನಾನು. ಹಣೆಯಲ್ಲೂ ಒಂದು ಕಣ್ಣಿರಬಹುದೆಂದು ನನಗೇ ಹೊಳೆಯಲಿಲ್ಲ! ಯೋಚಿಸುತ್ತಾ ಮತ್ತೆ ಆ ಕೆರೆಯ ಮುಂದೆ ಕೂತೆ. ನೀರಿನ ಮೇಲಿಂದ ತಂಗಾಳಿ ಬೀಸಿ ಬಂತು.

ಒಂದೇ ಕೆನ್ನೆಗೆ ತಾಗಿತು.