ಮೂಸಂಬಿ ಸಿಪ್ಪೆ ಮತ್ತು ನನ್ನ ಪಾಲಿನ ಬಿಸಿಲು

ಮನೆಯನ್ನು ಸ್ವಚ್ಛ ಮಾಡಲು ಹೊರಟಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ರಾಡಿಯಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕೆಲವರ ಮನೆಯಲ್ಲಿ ಆಗಾಗ ಹಾಲು ಉಕ್ಕುತ್ತದೆ, ನಮ್ಮ ಮನೆಯಲ್ಲಿ ಹೀಗೆ.

ನಮ್ಮದು ವಸಂತ್ ಕುಂಜ್‌ನಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಅದಕ್ಕೊಂದು ಬಾಲ್ಕನಿ. ಇಬ್ಬರು ನಿಂತಿದ್ದರೆ ಮೂರನೆಯವರು ಕ್ಷಮೆ ಕೇಳಿ ಒಳಗೆ ಬರಬೇಕು, ಅಷ್ಟು ವಿಶಾಲ. ಆದರೆ ಚಳಿಗಾಲದಲ್ಲಿ ಅಲ್ಲಿಗೆ ಊಟದ ಹೊತ್ತಿನವರೆಗೆ ಬಿಸಿಲು ಬರುತ್ತದೆ. ಇದರ ಬೆಲೆ ದೆಹಲಿಯ ಡಿಸೆಂಬರ್ ಕಂಡವರಿಗೆ ಮಾತ್ರ ಗೊತ್ತು. ಇಲ್ಲಿಯ ಜನ ಮೇ ತಿಂಗಳಲ್ಲಿ ಸೂರ್ಯನಿಗೆ ಬೈದು, ಡಿಸೆಂಬರಿನಲ್ಲಿ ಕುರ್ಚಿ ಎಳೆದುಕೊಂಡು ಅವನ ಹಿಂದೆಯೇ ಓಡಾಡುತ್ತಾರೆ. ಒಂದು ಪ್ಲಾಸ್ಟಿಕ್ ಕುರ್ಚಿ, ಭಾನುವಾರದ ಪೇಪರು, ಒಂದು ಪೊಟ್ಟಣ ಹುರಿದ ಕಡಲೆಕಾಯಿ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಸವೆದು ನಾನು ಸಂಪಾದಿಸಿದ್ದು ಇಷ್ಟೇ.

ನನ್ನ ಹೆಂಡತಿ ಮನೆಯಲ್ಲೇ ನೈಸರ್ಗಿಕ ಕ್ಲೀನರ್ ತಯಾರಿಸಬೇಕೆಂದು ತೀರ್ಮಾನಿಸಿದ್ದು ಆ ಕುರ್ಚಿಯ ಜಾಗದಲ್ಲಿ.

ಹಸು

ಕನ್ನಡದ ಹೆಂಗಸರ ಒಂದು ಕೂಟದಲ್ಲಿ ಯಾರೋ ಉಪನ್ಯಾಸ ಕೊಟ್ಟಿದ್ದರಂತೆ. ಅಂಗಡಿಯ ಫಿನಾಯಿಲು ಬೇಡ, ಆ್ಯಸಿಡ್ ಬೇಡ. ಹಣ್ಣಿನ ಸಿಪ್ಪೆ, ಬೆಲ್ಲ, ನೀರು ಈ ಮೂರನ್ನು ಭರಣಿಯಲ್ಲಿ ತುಂಬಿ ಮೂರು ತಿಂಗಳು ಬಿಟ್ಟರೆ ನೆಲ, ಸಿಂಕು, ಕಕ್ಕಸು ಎಲ್ಲಕ್ಕೂ ಆಗುವ ದ್ರವ ಸಿದ್ಧ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಉಪನ್ಯಾಸ ಕೊಟ್ಟವರ ಮನೆಯಲ್ಲಿ ನೆಲ ಒರೆಸಲು ಇಬ್ಬರು ಆಳುಗಳಿದ್ದರು ಎಂಬುದು ಆಮೇಲೆ ತಿಳಿಯಿತು.

“ಅಂದ್ರೆ ಸಿಪ್ಪೇನ ಕೊಳೆಯೋಕೆ ಬಿಡೋದು,” ಎಂದೆ.

“ಕೊಳೆಯೋಕಲ್ಲರೀ, ಹುದುಗೋಕೆ,” ಎಂದು ಅವಳು ತಿದ್ದಿದಳು.

ನಾವಿಬ್ಬರು, ಮಗಳು ಸೇರಿ ಮೂವರು ತಿನ್ನುವ ಹಣ್ಣಿನ ಸಿಪ್ಪೆ ಒಂದು ಭರಣಿಗೂ ಸಾಲಲಿಲ್ಲ. ಹಾಗಾಗಿ ಅವಳು ಮಾರ್ಕೆಟ್ಟಿನ ಜ್ಯೂಸ್ ಅಂಗಡಿಗೆ ಹೋಗಿ, “ಭಯ್ಯಾ, ಮೂಸಂಬಿ ಕಾ ಛಿಲ್ಕಾ ಮಿಲೇಗಾ?” ಎಂದು ಕೇಳಿದಳು. ಅವನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಆಂಟಿಜಿ, ಗಾಯ್ ಪಾಲೀ ಹೈ ಕ್ಯಾ?”

ಹಸು ಸಾಕಿದ್ದೀರಾ ಎಂದು. ಇವಳಿಗೆ ಹುದುಗುವಿಕೆಯನ್ನು ಹಿಂದಿಯಲ್ಲಿ ವಿವರಿಸುವ ಧೈರ್ಯವಿರಲಿಲ್ಲ. “ಹಾಂ,” ಎಂದುಬಿಟ್ಟಳು. ಅಂದಿನಿಂದ ಗೋಮಾತೆಯ ಹೆಸರಿನಲ್ಲಿ ದಿನಾ ಒಂದು ಚೀಲ ಸಿಪ್ಪೆ ನಮಗಾಗಿ ಕಾಯುತ್ತಿತ್ತು. ತರುವ ಕೆಲಸ ನನ್ನದು.

ಒಂದು ಸಂಜೆ ಅವನು ಚೀಲ ಕೊಡುತ್ತ, “ಸಾಬ್, ಹಾಲು ಚೆನ್ನಾಗಿ ಕೊಡ್ತಿದೆಯಾ?” ಎಂದು ವಿಚಾರಿಸಿದ. ಅಂಗಡಿಯ ಮುಂದೆ ನಾಲ್ಕು ಜನರಿದ್ದರು. ಎರಡನೇ ಮಹಡಿಯಲ್ಲಿ ವಾಸಿಸುವ ಕೇಂದ್ರ ಸರ್ಕಾರದ ಅಧಿಕಾರಿಯಾದ ನಾನು ಒಂದು ಕ್ಷಣ ಯೋಚಿಸಿ, “ಗಬ್ಬದ ಹಸು,” ಎಂದೆ.

ಮರುದಿನದಿಂದ ಎರಡು ಚೀಲ ಸಿಪ್ಪೆ ಬರತೊಡಗಿತು.

ಪಟಾಕಿ

ಹುದುಗುವ ಭರಣಿಯ ಮುಚ್ಚಳವನ್ನು ದಿನಕ್ಕೊಮ್ಮೆ ಸಡಿಲಿಸಿ ಗಾಳಿ ಬಿಡಬೇಕಂತೆ. ಹೆಂಡತಿ ಒಂದು ಮದುವೆಗೆಂದು ಊರಿಗೆ ಹೋಗುವಾಗ ಆ ಜವಾಬ್ದಾರಿಯನ್ನು ನನಗೆ ಬರೆದುಕೊಡದೆ, ಬರೀ ಬಾಯಲ್ಲಿ ಹೇಳಿ ಹೋದಳು. ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡುವ ಅಭ್ಯಾಸ ನಮ್ಮ ಇಲಾಖೆಯಲ್ಲಿಲ್ಲ.

ಮೂರನೇ ದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬಾಲ್ಕನಿಯಲ್ಲಿ ‘ಢಂ’ ಎಂದಿತು. ಹಿಂದೆಯೇ ಇನ್ನೊಂದು. ಮುಚ್ಚಳವೊಂದು ಎದುರಿನ ಬೇವಿನ ಮರಕ್ಕೆ ಬಡಿದು, ಪಾರಿವಾಳಗಳೆಲ್ಲ ಎದ್ದು ಹೋದವು. ಆಗ ದೆಹಲಿಯಲ್ಲಿ ಪಟಾಕಿ ನಿಷೇಧದ ಕಾಲ. ಬಾಯಿ ತೊಳೆಯುವಷ್ಟರಲ್ಲಿ ಕಾಲೊನಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ದೂರು ಬಂದಿತ್ತು: ಉಸಿರಾಡಲು ಗಾಳಿಯಿಲ್ಲದ ಈ ಊರಿನಲ್ಲಿ ಬೆಳ್ಳಂಬೆಳಗ್ಗೆ ಪಟಾಕಿ ಹೊಡೆಯುವ ಸಮಾಜದ್ರೋಹಿ ಯಾರು?

ಸುಮ್ಮನಿದ್ದರೆ ಅನುಮಾನ ಬರುತ್ತದೆಂದು ನಾನೂ ಒಂದು ಸಾಲು ಬರೆದೆ: ‘ಇಂಥವರನ್ನು ಪತ್ತೆ ಹಚ್ಚಿ ಕಠಿಣ ಕ್ರಮ ಕೈಗೊಳ್ಳಬೇಕು.’

ನನ್ನ ಕಾಳಜಿ ಎಲ್ಲರಿಗೂ ಮೆಚ್ಚಿಗೆಯಾಯಿತು. ಸಂಜೆ ತನಿಖಾ ಸಮಿತಿ ರಚಿಸಿ ನನ್ನನ್ನೇ ಅದರ ಸಂಚಾಲಕನನ್ನಾಗಿ ಮಾಡಿದರು. ಸಮಿತಿ ಇನ್ನೂ ತನಿಖೆ ನಡೆಸುತ್ತಿದೆ.

ನೊರೆ

ಪಾತ್ರೆ ತೊಳೆಯಲು ಬೇರೆ ದ್ರವ. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ, ಕಿವುಚಿ ಸೋಸಿದ್ದು. ನಮ್ಮ ಮನೆಗೆಲಸದ ದೀದಿ ಅದನ್ನು ಮೂಸಿ ನೋಡಿ, ಎರಡು ತಟ್ಟೆ ಉಜ್ಜಿ, ಸೆರಗಿಗೆ ಕೈ ಒರೆಸಿಕೊಂಡು, “ಭಾಭಿ, ಇದರಲ್ಲಿ ದಮ್ ಇಲ್ಲ. ನಂಗೆ ಅಂಗಡಿಯದೇ ಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೋತೀನಿ,” ಎಂದಳು.

ದೆಹಲಿಯಲ್ಲಿ ಸರ್ಕಾರ ಬಿದ್ದರೆ ಇನ್ನೊಂದು ಬರುತ್ತದೆ. ದೀದಿ ಬಿಟ್ಟರೆ ಇನ್ನೊಬ್ಬಳು ಸುಲಭಕ್ಕೆ ಬರುವುದಿಲ್ಲ. ಹೆಂಡತಿ ಅಂದು ಊಟ ಸರಿಯಾಗಿ ಮಾಡಲಿಲ್ಲ. ಸಂಜೆ ಅಂಗಡಿಯ ಹಸಿರು ದ್ರವದ ಒಂದು ಖಾಲಿ ಬಾಟಲಿಯನ್ನು ಹುಡುಕಿ ತೆಗೆದು, ತೊಳೆದು, ಅದರೊಳಗೆ ಅದೇ ಅಂಟುವಾಳದ ರಸವನ್ನು ತುಂಬಿಟ್ಟಳು.

ಮರುದಿನ ದೀದಿ ಬಾಟಲಿಯನ್ನು ಒತ್ತಿ, ಉಜ್ಜಿ, ಮುಖವರಳಿಸಿದಳು. “ನೋಡಿದ್ರಾ ಭಾಭಿ ನೊರೆ? ಕಂಪನಿ ಮಾಲು ಅಂದ್ರೆ ಕಂಪನಿ ಮಾಲು! ನಿಮ್ಮದು ನೀವೇ ಇಟ್ಕೊಳ್ಳಿ.”

ತಾನು ಮಾಡಿದ್ದನ್ನು ಯಾರಾದರೂ ಅಷ್ಟು ಹೊಗಳಿದ್ದು ಅದೇ ಮೊದಲು. ಹೆಂಡತಿಗೆ ಸಂತೋಷಪಡಲೂ ಆಗಲಿಲ್ಲ, ಸಿಟ್ಟಾಗಲೂ ಆಗಲಿಲ್ಲ. ಆ ಸಿಟ್ಟು ಇಂದಿಗೂ ಜಾಗ ಹುಡುಕುತ್ತಿದೆ. ಆಗಾಗ ನನ್ನ ಹತ್ತಿರ ಬರುತ್ತದೆ.

ಗಂಜಿ

ಸ್ವದೇಶಿ ಚಳವಳಿ ನೆಲದಿಂದ ಪಾತ್ರೆಗೆ, ಪಾತ್ರೆಯಿಂದ ಬಟ್ಟೆಗೆ ಬಂತು. ಭಾನುವಾರ ಅನ್ನ ಬಸಿದ ಗಂಜಿಯನ್ನು ಹತ್ತಿ ಸೀರೆಗಳಿಗೆ ಹಾಕುವುದು. ನನ್ನ ಕುರ್ತಾಗಳಿಗೂ ಹಾಕಿದಳು. ಅವು ನಾನಿಲ್ಲದೆಯೇ ನಿಲ್ಲಬಲ್ಲವು.

ಪಕ್ಕದ ಫ್ಲ್ಯಾಟಿನ ಆಂಟಿಗೆ ಆ ದಿನಗಳಲ್ಲಿ ಕೂದಲು ಉದುರುವ ಚಿಂತೆ. ಎದುರಿಗೆ ಸಿಕ್ಕವರ ತಲೆಯನ್ನೇ ನೋಡಿ ಮಾತಾಡುತ್ತಿದ್ದರು. ಒಂದು ದಿನ ಮೆಟ್ಟಿಲ ಬಳಿ ಅವರು ನನ್ನ ಹೆಂಡತಿಯ ಸೀರೆಯ ನೆರಿಗೆ ಮುಟ್ಟಿ, ಇಷ್ಟು ಗರಿಗರಿ ಹೇಗೆ ಎಂದು ಕೇಳಿದರು. ಇವಳಿಗೆ ಉತ್ಸಾಹ ಬಂತು. ಉತ್ಸಾಹ ಬಂದಾಗ ಇವಳ ಹಿಂದಿ ಕನ್ನಡದ ಹಳಿಯ ಮೇಲೆ ಓಡುತ್ತದೆ.

“ಗಂಜಿ ಹೈ ಆಂಟಿಜಿ! ಘರ್ ಮೇ ಬನಾತೀ ಹೂಂ. ಆಪ್ ಚಿಂತಾ ಮತ್ ಕೀಜಿಯೇ. ಇಸ್ ಸಂಡೇ ಆಪ್‌ಕೋ ಭೀ ಗಂಜಿ ಬನಾ ದೂಂಗಿ!”

ಆಂಟಿ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಮ್ಮ ಕಾಲೇಜು ಓದುವ ಮಗಳು ಹಿಂದೆಯೇ ಬರುತ್ತಿದ್ದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಅಮ್ಮಾ! ಯಾರ್, ಏನು ಹೇಳ್ದೆ ನೀನು? ಹಿಂದೀಲಿ ಗಂಜಿ ಮತ್‌ಲಬ್ ತಲೆ ಬೋಳಾಗಿರೋ ಲೇಡಿ. ಸಂಡೇ ನಿಮ್ಮನ್ನೂ ಬೋಳು ಮಾಡ್ತೀನಿ ಅಂತ ಪ್ರಾಮಿಸ್ ಮಾಡ್ದೆ!”

ಆ ಭಾನುವಾರ ಪಕ್ಕದ ಮನೆಯವರು ಬೆಳಗ್ಗೆಯೇ ಬೀಗ ಹಾಕಿಕೊಂಡು ನೆಂಟರ ಮನೆಗೆ ಹೋದರು.

ಕಾಂಜಿ

ಆ ಅವಮಾನದ ಬಳಿಕ ಹೆಂಡತಿ ‘ಗಂಜಿ’ ಎಂಬ ಶಬ್ದವನ್ನು ತ್ಯಜಿಸಿದಳು. ಮೇಲಿನ ಮಹಡಿಯ ತಮಿಳು ಮಾಮಿ, “ನಾವು ಕಂಜಿ ಅಂತೀವಿ, ಇದುವರೆಗೆ ಯಾರೂ ಬಾಗಿಲು ಹಾಕಿಕೊಂಡಿಲ್ಲ,” ಎಂದು ಧೈರ್ಯ ಕೊಟ್ಟರು. ಅದನ್ನೇ ಸ್ವಲ್ಪ ಎಳೆದು, ಇವಳು ಗಂಜಿಯನ್ನು ಕಾಂಜಿ ಎನ್ನತೊಡಗಿದಳು. ಉತ್ತರ ಭಾರತದವರಿಗೆ ಕಾಂಜಿ ಎಂದರೆ ಬೇರೆಯೇ ವಸ್ತು ಎಂಬುದನ್ನು ಮಾಮಿ ಹೇಳಲಿಲ್ಲ. ಕೆಂಪು ಗಜ್ಜರಿ, ಬೀಟ್‌ರೂಟು, ರಾಯಿ ಎಂದರೆ ಸಾಸಿವೆಯ ಪುಡಿ, ನೀರು ಇವನ್ನು ಗಾಜಿನ ಭರಣಿಗೆ ತುಂಬಿ ಚಳಿಗಾಲದ ಬಿಸಿಲಿಗೆ ಇಡುತ್ತಾರೆ. ಹುಳಿ ಬಂದ ಮೇಲೆ ಗ್ಲಾಸಿಗೆ ಸುರಿದು ಕುಡಿಯುತ್ತಾರೆ. ಹೊಟ್ಟೆಗೆ ಬಹಳ ಒಳ್ಳೆಯದಂತೆ.

ಜನವರಿ ಬಂತು. ಬಾಲ್ಕನಿಯ ತುಂಬ ಭರಣಿಗಳು. ಚಳಿಗೆ ಹುದುಗು ನಿಧಾನವಾಗುತ್ತದೆಂದು ಇದ್ದಬದ್ದ ಬಿಸಿಲೆಲ್ಲ ಅವಕ್ಕೆ. ನನ್ನ ಕುರ್ಚಿ ಫ್ರಿಜ್ಜಿನ ಪಕ್ಕಕ್ಕೆ ಹೋಗಿತ್ತು. ನಾನು ಶಾಲು ಹೊದ್ದು ಕೂತು, ಮೂಸಂಬಿ ಸಿಪ್ಪೆಗಳು ಬಿಸಿಲು ಕಾಯಿಸಿಕೊಳ್ಳುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಆ ತಿಂಗಳು ಅವಳು ಸಿಪ್ಪೆಯ ಜೊತೆ ಅಡುಗೆಮನೆಯ ಗಜ್ಜರಿ, ಬೀಟ್‌ರೂಟ್ ಸಿಪ್ಪೆಯನ್ನೂ ಹಾಕಿದ್ದರಿಂದ ಹೊಸ ಭರಣಿಗಳು ಕೆಂಪಗೆ ಮಾಣಿಕ್ಯದಂತೆ ಹೊಳೆಯುತ್ತಿದ್ದವು.

ನೆಲಮಹಡಿಯಲ್ಲಿ ಒಬ್ಬ ಪಂಜಾಬಿ ಅಂಕಲ್‌ಜಿ. ನಿವೃತ್ತರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಅವರ ಮನೆಯ ಮುಂದೆ ಪುಟ್ಟ ಹುಲ್ಲುಹಾಸು. ಇಡೀ ಬ್ಲಾಕಿನಲ್ಲಿ ಸಂಜೆಯವರೆಗೂ ಬಿಸಿಲು ಬೀಳುವ ಜಾಗ ಅದೊಂದೇ. ಒಂದು ಭಾನುವಾರ ಅವರು ಮೆಟ್ಟಿಲು ಹತ್ತಿ ಬಂದು, “ಬೇಟಾಜಿ, ಕೆಳಗಿನಿಂದ ನೋಡಿದೆ. ಕಾಂಜಿ ಬನೀ ಹೈ?” ಎಂದು ಕೇಳಿದರು.

ಹೆಂಡತಿ ಒಗ್ಗರಣೆಯ ಮುಂದಿದ್ದಳು. ತಿರುಗಿ ನೋಡಿದರೆ ಅಂಕಲ್‌ಜಿಯ ಕುರ್ತಾ ಬಾಡಿದ ಬಾಳೆಲೆಯಂತೆ ಜೋತುಬಿದ್ದಿದೆ. ಪಾಪ ಅನಿಸಿತು. “ಹಾಂ ಅಂಕಲ್‌ಜಿ, ಕಾಂಜಿ ಹೈ. ಬಾಲ್ಕನಿ ಮೇ ರಖೀ ಹೈ, ಲೇ ಲೀಜಿಯೇ,” ಎಂದಳು. ಬಾಲ್ಕನಿಯಲ್ಲಿದೆ, ತೆಗೆದುಕೊಳ್ಳಿ ಎಂದು. ಗಂಜಿ ಅಲ್ಲೇ ಪಾತ್ರೆಯಲ್ಲಿ ತಟ್ಟೆ ಮುಚ್ಚಿಕೊಂಡು ಆರುತ್ತಿತ್ತು. ಅಂಕಲ್‌ಜಿ ಹೋದರು, ಬಂದರು, ಆಶೀರ್ವಾದ ಮಾಡಿ ಇಳಿದುಹೋದರು.

ಸ್ವಲ್ಪ ಹೊತ್ತಿನ ಮೇಲೆ ನನಗೆ ಕಿಟಕಿಯಲ್ಲಿ ಒಂದು ವಿಶೇಷ ಕಂಡಿತು. ಬಾಲ್ಕನಿಯಲ್ಲಿ ಒಂದು ಭರಣಿಯ ಗಾತ್ರದಷ್ಟು ಬಿಸಿಲು ಖಾಲಿ ಬಿದ್ದಿತ್ತು. ಗಂಜಿಯ ಪಾತ್ರೆ ಮುಚ್ಚಿದಂತೆಯೇ ಇತ್ತು. ಕುರ್ಚಿ ಹಾಕಬಹುದೇ ಎಂದು ನಾನು ಅಳೆಯುತ್ತಿರುವಾಗ ಹೆಂಡತಿ ಬಂದು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ ರೀ! ಅದು ಕಕ್ಕಸಿಗೆ ಅಂತ ಇಟ್ಟಿದ್ದು!”

“ಭರಣಿ ಮೇಲೆ ಬರೆದಿದ್ದೀಯಲ್ಲ?”

“ಬರ್ದಿದ್ದೀನಿ. ಕನ್ನಡದಲ್ಲಿ.”

ಮಗಳು ಇಣುಕಿ ನೋಡಿ, ದೆಹಲಿಯವರು ಕಾಂಜಿಯನ್ನು ಏನು ಮಾಡುತ್ತಾರೆಂದು ಮೂರೇ ಮಾತಿನಲ್ಲಿ ಹೇಳಿದಳು. ಒಲೆಯ ಮೇಲಿನ ಒಗ್ಗರಣೆ ಸೀದುಹೋಯಿತು.

“ವಿಷ ಏನಲ್ಲ,” ಎಂದು ಹೆಂಡತಿ ತನಗೆ ತಾನೇ ಹೇಳಿಕೊಂಡಳು. “ಸಿಪ್ಪೆ, ಬೆಲ್ಲ, ನೀರು. ಆದ್ರೂ ಹೇಳ್ಬೇಕು. ನೀವು ಹೋಗಿ ಹೇಳಿ.”

“ನಾನ್ಯಾಕೆ?”

“ನೀವು ಆಫೀಸರು. ಕೆಟ್ಟ ಸುದ್ದೀನ ಯಾರಿಗೂ ಅರ್ಥವಾಗದ ಹಾಗೆ ಹೇಳೋಕೆ ನಿಮಗೆ ತಾನೇ ಸಂಬಳ ಕೊಡೋದು?”

ಇಳಿದು ಹೋದೆ. ಮೆಟ್ಟಿಲುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ. ಹುಲ್ಲುಹಾಸಿನ ಮೇಲೆ ಹೊಂಬಣ್ಣದ ಬಿಸಿಲು ಚಾಪೆ ಹಾಸಿದಂತೆ ಬಿದ್ದಿತ್ತು. ಅಂಕಲ್‌ಜಿ ಕಾಲು ಚಾಚಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ನಮ್ಮ ಭರಣಿ. ಅದು ಅರ್ಧ ಖಾಲಿಯಾಗಿತ್ತು.

“ಅಂಕಲ್‌ಜಿ, ಆ ಕಾಂಜಿ ವಿಷಯ...” ಎಂದು ಶುರುಮಾಡಿದೆ.

“ಮೊದಲು ಕೂತ್ಕೋ ಪುತ್ತರ್!” ಎಂದು ಬೆತ್ತದ ಕುರ್ಚಿಯೊಂದನ್ನು ಬಿಸಿಲಿನ ನಟ್ಟನಡುವೆ ಎಳೆದರು. ಕೂತೆ. ಬೆನ್ನಿಗೆ ಬಿಸಿಲು ತಗುಲಿತು. ಡಿಸೆಂಬರಿನಿಂದ ಹೆಪ್ಪುಗಟ್ಟಿದ್ದ ಮೂಳೆಗಳು ಒಂದೊಂದಾಗಿ ಕರಗತೊಡಗಿದವು. ಜೋಡಿಸಿಕೊಂಡು ಬಂದಿದ್ದ ವಾಕ್ಯ ಮೊದಲು ಕರಗಿತು.

“ಅವಳು ಹೋದ ಮೇಲೆ ಈ ಮನೇಲಿ ಕಾಂಜಿ ಆಗಿರಲಿಲ್ಲ,” ಎಂದರು ಅಂಕಲ್‌ಜಿ. “ನಿಮ್ಮ ಕಡೆಯವರಿಗೆ ಇದು ಬರುತ್ತೆ ಅಂತಾನೇ ಗೊತ್ತಿರಲಿಲ್ಲ. ಎರಡು ಗ್ಲಾಸು ಕುಡಿದೆ. ಹೊಟ್ಟೆ ಏಕ್‌ದಮ್ ಸಾಫ್!”

“ಸಾಫ್ ಮಾಡೋದಕ್ಕೇ ಮಾಡಿದ್ದು,” ಎಂದೆ. ನಾನು ಹೇಳಬಂದಿದ್ದ ಸತ್ಯದಲ್ಲಿ ಹೊರಗೆ ಬಂದದ್ದು ಅಷ್ಟೇ.

“ನಿನ್ನ ಬಾಲ್ಕನೀಲಿ ಜಾಗ ಇಲ್ಲ, ನೋಡಿದೆ. ಇನ್ನು ಮೇಲೆ ಭಾನುವಾರ ಇಲ್ಲಿಗೇ ಬಂದುಬಿಡು. ಈ ಕುರ್ಚಿ ನಿಂದೇ ಅಂದ್ಕೋ. ಒಬ್ಬನೇ ಕುಡಿಯೋದಕ್ಕೆ ನನಗೂ ಬೇಜಾರು.” ಹೀಗೆಂದು ಒಳಗಿನಿಂದ ಇನ್ನೊಂದು ಗ್ಲಾಸು ತಂದು, ಅಂಚಿನವರೆಗೆ ಕೆಂಪಗೆ ತುಂಬಿ, ನನ್ನ ಕೈಗಿಟ್ಟರು. “ರುಚಿ ಹೇಗಿದೆ, ನಿಜ ಹೇಳು.”

ತಲೆಯೆತ್ತಿ ನೋಡಿದೆ. ನಮ್ಮ ಬಾಲ್ಕನಿಯಲ್ಲಿ ಭರಣಿಗಳ ನಡುವೆ ಹೆಂಡತಿ ಮತ್ತು ಮಗಳು ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದರು. ಸ್ಟೂಲಿನ ಮೇಲಿದ್ದ ಭರಣಿಯ ಚೀಟಿ ನನ್ನ ಕಡೆಗೇ ತಿರುಗಿತ್ತು. ಅಲ್ಲಿದ್ದ ಕನ್ನಡವನ್ನು ಓದಬಲ್ಲವನು ಕೆಳಗೆ ನಾನೊಬ್ಬನೇ. ಬಿಸಿಲು ನೋಡಿದೆ. ಅದು ಸಂಜೆಯವರೆಗೂ ಕದಲುವ ಲಕ್ಷಣವಿರಲಿಲ್ಲ.

ಕಣ್ಣು ಮುಚ್ಚಿ ಒಂದು ದೊಡ್ಡ ಗುಟುಕು ಕುಡಿದೆ. ಕಣ್ಣೀರು ಇಳಿದ ಮೇಲೆ ನಾಲಗೆ ಚಪ್ಪರಿಸಿ, ಆಫೀಸಿನಲ್ಲಿ ಕಡತದ ಮೇಲೆ ಅಭಿಪ್ರಾಯ ಬರೆಯುವಷ್ಟೇ ಗಂಭೀರವಾಗಿ ಹೇಳಿದೆ:

“ಚೆನ್ನಾಗಿದೆ ಅಂಕಲ್‌ಜಿ. ರಾಯಿ ಮಾತ್ರ ಸ್ವಲ್ಪ ಕಮ್ಮಿ.”