ಗೋಲಿಗೊಬ್ಬ ಬೇಕಾಗಿದ್ದಾನೆ

ಬ್ರೆಡ್ಡು ಕಾರ್ಖಾನೆಯ ಹಾಕಿ ತಂಡದ ಗೋಲ್‌ಕೀಪರನಿಗೆ ಎಲ್ಲರೂ ಇಟ್ಟ ಹೆಸರು ಹೆಬ್ಬಾಗಿಲು. ಒಂಬತ್ತು ವರ್ಷದಿಂದ ಅವನು ಗೋಲಿನ ಮುಂದೆ ನಿಂತಿದ್ದ, ಒಂಬತ್ತು ವರ್ಷದಿಂದ ಚೆಂಡು ಅವನ ಪಕ್ಕದಲ್ಲೇ ಮನೆಯವರ ಹಾಗೆ ಒಳಗೆ ಹೋಗುತ್ತಿತ್ತು. ಹೋದ ಹಂಗಾಮಿನ ಹನ್ನೊಂದು ಪಂದ್ಯಕ್ಕೆ ಐವತ್ತೆರಡು ಗೋಲು. ಕೊನೆಯ ಪಂದ್ಯದಲ್ಲಂತೂ ಅವನು ಮೈದಾನಕ್ಕೆ ಇಳಿದದ್ದೇ ತಡ, ಎದುರಾಳಿ ತಂಡದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚೆಂಡು ಬಡಿದು ಮೊಣಕಾಲು ನೀಲಿಯಾಗಿದ್ದನ್ನು ಸಹಿಸಿಕೊಂಡವನಿಗೆ ಆ ಚಪ್ಪಾಳೆಯನ್ನು ಸಹಿಸಲಾಗಲಿಲ್ಲ. ಮುಂದಿನ ಹಂಗಾಮಿಗೆ ತಾನಿಲ್ಲ ಎಂದು ಅವತ್ತೇ ತೀರ್ಮಾನಿಸಿದ.

ತೀರ್ಮಾನಿಸುವುದು ಸುಲಭ. ಆದರೆ ತಂಡದ ತರಬೇತುದಾರ ಅವನ ಹೆಂಡತಿಯ ಅಣ್ಣ. ಸಾಲದ್ದಕ್ಕೆ ಕಾರ್ಖಾನೆಯಲ್ಲಿ ಮೇಲ್ವಿಚಾರಕನೂ ಅವನೇ.

"ಬಿಡೋದಾದ್ರೆ ಬಿಡು, ನಾನೇನು ಹಗ್ಗ ಹಾಕಿ ಕಟ್ಟಿಲ್ಲ," ಎಂದಿದ್ದ ಭಾವ. "ನಿನ್ನ ಜಾಗಕ್ಕೆ ಒಬ್ಬನ್ನ ತಂದು ನಿಲ್ಲಿಸಿ ಹೋಗು. ಗೋಲ್‌ಕೀಪರ್ ಇಲ್ಲದ ತಂಡಾನ ಹಾಕಿ ಸಂಘದವರು ಪಂದ್ಯಕ್ಕೆ ಸೇರಿಸ್ಕೊಳ್ಳಲ್ಲ."

ಎರಡು ಹಂಗಾಮುಗಳ ನಡುವಿನ ಎರಡು ತಿಂಗಳು ಆಟಗಾರರನ್ನು ಸೇರಿಸುವುದಕ್ಕೂ ಬದಲಾಯಿಸುವುದಕ್ಕೂ ಇರುವ ಕಾಲ. ಹೆಬ್ಬಾಗಿಲು ಅದನ್ನು ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದೇ ಕಳೆದ. ಇವತ್ತು ಬೆಳಿಗ್ಗೆ ಹೆಂಡತಿ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ, "ಹೆಸರು ಕೊಡೋಕೆ ಇವತ್ತೇ ಕೊನೇ ದಿನವಂತೆ, ಸಂಜೆ ಐದರೊಳಗೆ. ಅಣ್ಣ ನಿನ್ನೇನೇ ಹೇಳ್ದ, ನಿಮಗೆ ಹೇಳೋದು ಮರೆತೇಹೋಯ್ತು," ಎಂದಳು.

ಅವನು ಧಡಕ್ಕನೆ ಎದ್ದ. ಎಣ್ಣೆಯ ಬಟ್ಟಲು ಹಾಸಿಗೆಯ ಮೇಲೆ ಕವುಚಿಕೊಂಡಿತು. ಹೆಂಡತಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನು ಬೀದಿಯಲ್ಲಿದ್ದ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡ ಮೇಲೆ ಸಲಹೆ ಕೊಡದೆ ಇರುವುದು ಅವರ ಜಾಯಮಾನವಲ್ಲ.

"ನಲ್ಲಿ ರಿಪೇರಿಯವನನ್ನ ನಿಲ್ಸಯ್ಯ. ಆ ಗಾತ್ರಕ್ಕೆ ಹಿಂದಿರೋ ಗೋಲೇ ಕಾಣ್ಸಲ್ಲ. ಚೆಂಡಿಗೆ ದಾರಿ ಎಲ್ಲಿ?"

ಮಾತು ಸರಿ ಎನಿಸಿತು. ನಲ್ಲಿ ರಿಪೇರಿಯವನನ್ನು ಮೇಷ್ಟ್ರ ಗೇಟಿನ ಮುಂದೆ ನಿಲ್ಲಿಸಿ, ಹೆಬ್ಬಾಗಿಲು ಸ್ಟಿಕ್ಕಿನಿಂದ ಚೆಂಡನ್ನು ಮೆಲ್ಲಗೆ ಹೊಡೆದ. ಅಷ್ಟು ದೊಡ್ಡ ಮನುಷ್ಯ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಗ್ಗುಲಾಗಿ ಗೋಡೆಗೆ ಅಂಟಿಕೊಂಡ. ಚೆಂಡು ನೇರ ಒಳಗೆ ಹೋಗಿ ಮೇಷ್ಟ್ರ ಹೂವಿನ ಕುಂಡವನ್ನು ಎರಡು ಹೋಳು ಮಾಡಿತು.

"ನೀರು ಬಂದ್ರೆ ನಿಲ್ಲಿಸ್ತೀನಿ ಸಾರ್," ಎಂದ ಅವನು ಬೆವರು ಒರೆಸಿಕೊಳ್ಳುತ್ತಾ. "ಇದು ಕಲ್ಲಿದ್ದ ಹಾಗಿದೆ."

ಮೇಷ್ಟ್ರು ಸಲಹೆಯನ್ನು ವಾಪಸು ತೆಗೆದುಕೊಂಡು, ಅದರ ಬದಲು ಬೈಗುಳ ಕೊಟ್ಟರು.

ಎರಡನೆಯ ಸಲಹೆ ಕ್ಷೌರಿಕನದು: ತಿರುವಿನಲ್ಲಿರುವ ದರ್ಜಿಯ ಕೈ ಮಿಂಚಿದ್ದ ಹಾಗಂತೆ. ನಿಜಕ್ಕೂ ಹಾಗೇ ಇತ್ತು. ಹೊಡೆದ ಐದು ಚೆಂಡನ್ನೂ ದರ್ಜಿ ಅಂಗಡಿಯ ಬಾಗಿಲಲ್ಲೇ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಡೆದ. ಹೆಬ್ಬಾಗಿಲಿಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

"ಬರ್ತೀನಿ, ಬರದೆ ಏನು," ಎಂದ ದರ್ಜಿ ಸೂಜಿಗಳನ್ನು ಒಂದೊಂದಾಗಿ ತೆಗೆದು. "ಆದ್ರೆ ನಿಂತ್ಕೊಳ್ಳೋಕೆ ಆಗಲ್ಲ. ಸೊಂಟ ಹಿಡ್ಕೊಂಡಿದೆ. ಕುರ್ಚಿ ಹಾಕಿಸ್ತೀರಾ?"

ಹೆಬ್ಬಾಗಿಲು ಕೆಲಸಕ್ಕೆ ಒಂದು ಗಂಟೆ ತಡವಾಗಿ, ಜೋಲುಮೋರೆ ಹಾಕಿಕೊಂಡು ಬಂದು ಪ್ಯಾಕಿಂಗ್ ಮೇಜಿನ ಮುಂದೆ ನಿಂತ. ಅಲ್ಲಿ ವ್ಯಾನ್ ಡ್ರೈವರ್ ಒಂದು ಸುದ್ದಿ ಹೊತ್ತು ತಂದಿದ್ದ: ಲಾಂಡ್ರಿ ತಂಡದವರು ತಮ್ಮ ಗೋಲ್‌ಕೀಪರನನ್ನು ಬಿಟ್ಟುಕೊಡುತ್ತಾರಂತೆ! ಆ ಗೋಲ್‌ಕೀಪರನಿಗೆ ಗೋಡೆ ಎಂದೇ ಹೆಸರು. ಇಡೀ ಹಂಗಾಮಿಗೆ ಆರೇ ಗೋಲು ಬಿಟ್ಟವನು. ಈಗ ಮನೆ ಬದಲಾಯಿಸಿ ಕಾರ್ಖಾನೆಯ ಹಿಂದಿನ ಬೀದಿಗೆ ಬಂದಿದ್ದಾನಂತೆ, ಹತ್ತಿರದ ತಂಡವೇ ಬೇಕಂತೆ.

"ಆದ್ರೆ ಸಂಘದ ನಿಯಮ ಗೊತ್ತಲ್ಲ," ಎಂದ ಡ್ರೈವರ್. "ಒಬ್ಬನಿಗೆ ಒಬ್ಬ. ಅವರು ನಮ್ಮಲ್ಲಿ ಯಾರನ್ನ ಕೇಳ್ತಾರೋ ಅವನನ್ನ ಕೊಡಬೇಕು. ಹೋಗೋನೂ ಒಪ್ಪಿ ಸಹಿ ಹಾಕಿರಬೇಕು."

ಪ್ಯಾಕಿಂಗ್ ಕೋಣೆಯವರೆಲ್ಲ ತಲೆ ಬಗ್ಗಿಸಿ ಬ್ರೆಡ್ಡು ಸುತ್ತತೊಡಗಿದರು. ಲಾಂಡ್ರಿಯವರು ವರ್ಷವಿಡೀ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ಅಭ್ಯಾಸ ಮಾಡುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅತಿ ಹೆಚ್ಚು ಗೋಲು ಹೊಡೆಯುವ ಲೆಫ್ಟ್ ವಿಂಗಿನವನು ಆಗಲೇ ಬ್ರೆಡ್ಡಿನ ಟ್ರೇಗಳ ಹಿಂದೆ ಅಡಗಿದ್ದ.

ಒಂಬತ್ತು ವರ್ಷ ತುಟಿ ಬಿಚ್ಚದ ಹೆಬ್ಬಾಗಿಲು ಆಗ ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ಭಾಷಣ ಶುರು ಮಾಡಿದ.

"ನಾಚಿಕೆ ಆಗಲ್ವೇನ್ರೋ? ತಂಡ ದೊಡ್ಡದೋ, ನಿಮ್ಮ ನಿದ್ದೆ ದೊಡ್ಡದೋ? ಅಂಥ ಗೋಲ್‌ಕೀಪರ್ ಬಾಗಿಲಿಗೆ ಬಂದಿರುವಾಗ ಒಬ್ಬನಿಗೆ, ಒಬ್ಬನೇ ಒಬ್ಬನಿಗೆ ತ್ಯಾಗ ಮಾಡೋಕೆ ಆಗಲ್ವಾ?"

ಹೇಳುತ್ತಾ ಹೇಳುತ್ತಾ ಅವನಿಗೇ ಕಣ್ಣು ತೇವವಾಯಿತು. ಬ್ರೆಡ್ಡು ಸುತ್ತುವ ಕಾಗದವನ್ನೇ ಹರಿದು, 'ಲಾಂಡ್ರಿಯವರು ಯಾರನ್ನು ಕೇಳಿದರೂ ಎರಡು ಮಾತಾಡದೆ ಹೋಗುತ್ತೇವೆ' ಎಂದು ಬರೆದು ಎಲ್ಲರ ಮುಂದೆ ಹಿಡಿದ. ಯಾರೂ ಪೆನ್ನು ಮುಟ್ಟಲಿಲ್ಲ.

"ಮೊದಲು ನೀನು ಹಾಕು," ಎಂದಿತು ಟ್ರೇಗಳ ಹಿಂದಿನ ದನಿ.

"ನಾನಾ? ಅದಕ್ಕೇನಂತೆ, ಹಾಕ್ತೀನಿ. ಆದ್ರೆ ನನ್ನನ್ನ ಯಾವ ಪುಣ್ಯಾತ್ಮ ಕೇಳ್ತಾನಪ್ಪ?"

ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಬರಹದ ಕೆಳಗೆ ಮೊದಲಿಗೇ ದಪ್ಪ ಅಕ್ಷರದಲ್ಲಿ ಸಹಿ ಜಡಿದ. ನಗುವಿನ ಭರದಲ್ಲಿ ಉಳಿದವರೂ ಹಾಕಿದರು. ಲೆಫ್ಟ್ ವಿಂಗಿನವನು ಮಾತ್ರ ಮಗುವನ್ನು ಶಾಲೆಗೆ ಬಿಟ್ಟುಬರುವವನಂತೆ ತನ್ನ ಸಹಿಯನ್ನು ತಿರುತಿರುಗಿ ನೋಡಿದ.

ನಾಲ್ಕೂವರೆಗೆ ಭಾವ ಮತ್ತು ಹೆಬ್ಬಾಗಿಲು ಸೈಕಲ್ ಅಂಗಡಿಯ ಮಹಡಿಯ ಮೇಲಿನ ಸಂಘದ ಕೋಣೆ ಸೇರಿದರು. ಲಾಂಡ್ರಿಯ ಯಜಮಾನಿ ಆಗಲೇ ಬಂದು ಕೂತಿದ್ದರು. ಆ ತಂಡವನ್ನು ನಡೆಸುವವರು ಅವರೇ. ಇಸ್ತ್ರಿ ಮಾಡಿದಂಥ ಮಾತು, ಸುಕ್ಕಿಲ್ಲದ ಮುಖ. ಗೋಡೆಯನ್ನು ಕೊಡುತ್ತೇನೆ ಎಂದು ಬದಲಾವಣೆಯ ಅರ್ಜಿಗೆ ಸಹಿ ಹಾಕಿ, ಬ್ರೆಡ್ಡಿನ ಕಾಗದದ ಮೇಲೆ ಬೆರಳಿಟ್ಟು ಹೆಸರುಗಳನ್ನು ಒಂದೊಂದಾಗಿ ಓದಿದರು. ಬೆರಳು ಲೆಫ್ಟ್ ವಿಂಗಿನವನ ಹೆಸರಿನ ಮೇಲೆ ನಿಂತಾಗ ಭಾವ ಉಸಿರು ಬಿಗಿಹಿಡಿದ. ಹೆಬ್ಬಾಗಿಲು ಮನಸ್ಸಿನಲ್ಲೇ ಅವನಿಗೊಂದು ಬೀಳ್ಕೊಡುಗೆ ಏರ್ಪಾಟು ಮಾಡಿದ.

ಯಜಮಾನಿ ಬೆರಳನ್ನು ಮತ್ತೆ ಮೇಲಕ್ಕೆ ಸರಿಸಿ, ಅರ್ಜಿಯಲ್ಲಿ ಒಂದು ಹೆಸರು ಬರೆದರು. ಕಾರ್ಯದರ್ಶಿ ಢಬ್ ಎಂದು ಮುದ್ರೆ ಒತ್ತಿ ಗಟ್ಟಿಯಾಗಿ ಓದಿದ. ಹೆಬ್ಬಾಗಿಲಿಗೆ ತನ್ನ ನಿಜ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೆಂದರೆ, ಅದು ಯಾರದೆಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು.

"ಅಮ್ಮಾ... ಎಲ್ಲೋ ತಪ್ಪಾಗಿದೆ. ಅದು ನಾನು!"

"ಗೊತ್ತಪ್ಪ, ನೀವೇ ಬೇಕು."

"ನಾನು ಐವತ್ತೆರಡು ಗೋಲು ಬಿಟ್ಟೋನು!"

"ಅದಕ್ಕೇ," ಎಂದರು ಯಜಮಾನಿ ಸಮಾಧಾನವಾಗಿ. "ಮೂರು ವರ್ಷದಿಂದ ನಮ್ಮ ಹುಡುಗರು ಅಭ್ಯಾಸದಲ್ಲಿ ಗೋಡೆಗೆ ಒಂದು ಗೋಲೂ ಹೊಡೆಯೋಕಾಗದೆ ಎದೆಗುಂದಿ ಹೋಗಿದಾರೆ. ಪಂದ್ಯಕ್ಕೆ ಗೋಡೆಯ ತಮ್ಮ ಇದಾನೆ. ನೀವು ಅಭ್ಯಾಸದಲ್ಲಿ ನಿಂತರೆ ಸಾಕು, ವಾರಕ್ಕೆ ನಾಲ್ಕೇ ದಿನ."

"ನಾನು ಬರದೇ ಹೋದ್ರೆ?"

"ಸಹಿ ಹಾಕಿಬಿಟ್ಟಿದೀರಲ್ಲ," ಎಂದ ಕಾರ್ಯದರ್ಶಿ. "ಬರದೇ ಹೋದ್ರೆ ಈ ಬದಲಾವಣೆ ರದ್ದು. ಗೋಡೆ ಲಾಂಡ್ರಿಗೆ ವಾಪಸ್, ನೀವು ನಿಮ್ಮ ಗೋಲಿಗೆ ವಾಪಸ್."

ಹೆಬ್ಬಾಗಿಲು ಭಾವನ ಕಡೆ ನೋಡಿದ. ಭಾವ ಆನಂದಬಾಷ್ಪ ಒರೆಸಿಕೊಳ್ಳುತ್ತಿದ್ದ. "ಒಂಬತ್ತು ವರ್ಷದಲ್ಲಿ ತಂಡಕ್ಕೆ ನೀನು ಮಾಡಿದ ಉಪಕಾರ ಅಂದ್ರೆ ಇದೊಂದೇ ಕಣಯ್ಯ!"

ಹೆಬ್ಬಾಗಿಲು ಗಡಿಯಾರ ನೋಡಿದ. ಐದು ಹೊಡೆಯಿತು. ಕೊನೆಗೆ ಕೇಳಿದ: "ನಾಳೆಯಿಂದಲೇನಾ ಅಮ್ಮಾ?"

"ಹೂಂ, ಐದೂವರೆಗೆ," ಎಂದು ಯಜಮಾನಿ ಎದ್ದರು. ಬಾಗಿಲ ಬಳಿ ನಿಂತು, ಮನೆಮಗನಿಗೆ ಹೇಳುವಷ್ಟು ಅಕ್ಕರೆಯಿಂದ ಸೇರಿಸಿದರು: "ಹೊಸ ತಂಡ ಅಂತ ಏನೂ ಕಲಿಯೋಕೆ ಹೋಗಬೇಡಿ. ಈಗ ಹೇಗಿದೀರೋ ಹಾಗೇ ಬನ್ನಿ."